ದೇವಿಯ ಪಾದಕ್ಕೆ ಹೋದ ವಿಮೆ ಕಾಗದ

ಕೋಡಂಬಾಕ್ಕಂ, ಮದ್ರಾಸು
12-6-1961

ಚಿರಂಜೀವಿ ತಮ್ಮ ಸದಾನಂದನಿಗೆ ಅಕ್ಕ ಗುಣವತಿ ಮಾಡುವ ಆಶೀರ್ವಾದ.

ನೀನೂ ಜಯಲಕ್ಷ್ಮೀಯೂ ಸೌಖ್ಯವೆಂದು ನಂಬಿ ಬರೆಯುತ್ತಿದ್ದೇನೆ. ಸೌಖ್ಯವಿಲ್ಲದಿದ್ದರೆ ಮೊದಲು ಕಷಾಯ ಕುಡಿದು ಆಮೇಲೆ ಓದು. ನಾನು ಗಟ್ಟಿಯಾಗಿದ್ದೇನೆ. ಮಂಡಿನೋವು ನನ್ನನ್ನು ಬಿಟ್ಟು ಹೋಗುವುದಿಲ್ಲ, ನಾನೂ ಅದರ ಯೋಗಕ್ಷೇಮ ಕೇಳುವುದು ಬಿಟ್ಟಿದ್ದೇನೆ.

ಕಾರು ತೆಗೆದುಕೊಂಡ ಸುದ್ದಿ ಯುಗಾದಿಯ ಕಾಗದದಲ್ಲಿ ಬರೆದಿದ್ದೆ. ಕಪ್ಪು ಆಸ್ಟಿನ್. ಹಳೆಯದೇ, ಆದರೆ ಹೊಟ್ಟೆ ದೊಡ್ಡದು. ಹಿಂದಿನ ಸೀಟು ಕೀಳಿಸಿ ಹಲಗೆ ಹಾಕಿಸಿದ್ದೇನೆ. ನಮ್ಮ ಮೆಸ್ಸಿನಿಂದ ಸ್ಟುಡಿಯೋಗಳಿಗೆ ಊಟ ಈಗ ಅದರಲ್ಲೇ ಹೋಗುವುದು. ಜಟಕಾದಲ್ಲಿ ಕಳುಹಿಸುತ್ತಿದ್ದಾಗ ಸಾರು ಅರ್ಧ ರಸ್ತೆಗೆ, ಅರ್ಧ ಎಲೆಗೆ. ಈಗ ಪೂರ್ತಿ ಎಲೆಗೆ. ಡ್ರೈವರ್ ತಿರುಮಲ ಒಳ್ಳೆಯ ಮನುಷ್ಯ, ಕೈ ಶುದ್ಧ, ಬಾಯಿ ಮಾತ್ರ ವೀಳ್ಯದೆಲೆಯದ್ದು.

ನಿನ್ನ ಮಗಳು ಬೇಬಿಗೆ ಮೇ ತಿಂಗಳಲ್ಲಿ ಹದಿನೆಂಟು ತುಂಬಿತು. ಬಿ.ಎ. ಕ್ಲಾಸಿಗೆ ಸೇರಿದ್ದಾಳೆ. ಎಂಟು ವರ್ಷದ ಹುಡುಗಿಯನ್ನು ನನ್ನ ಕೈಗೆ ಕೊಟ್ಟು ಹೋಗಿದ್ದೆ, ಈಗ ನನಗಿಂತ ಒಂದು ಗೇಣು ಎತ್ತರ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ, ತಮಿಳಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ. ಬೈದರೆ ಮಾತ್ರ ಅಪ್ಪಟ ಕನ್ನಡದಲ್ಲಿ "ಅತ್ತೇ" ಅಂತ ಬರುತ್ತಾಳೆ.

ಈ ಲಕೋಟೆಯೊಳಗೆ ಒಂದು ಕಾಗದ ಉಂಟು. ಕಾರಿನ ವಿಮೆಯದ್ದು. ಏಜೆಂಟ್ ವಿಷ್ಣುಮೂರ್ತಿ ತಂದುಕೊಟ್ಟ. ನಮ್ಮ ಅಪ್ಪ ಹಾಕಿದ ಕ್ರಮ ನಿನಗೆ ಗೊತ್ತೇ ಇದೆ: ಮೊಹರು ಬಿದ್ದ ಯಾವ ಕಾಗದವೇ ಆಗಲಿ, ಮೊದಲು ಊರ ದೇವಿಯ ಪಾದಕ್ಕೆ ಮುಟ್ಟಬೇಕು, ಮುಟ್ಟಿ ಬರುವ ತನಕ ಅದರ ಬಗ್ಗೆ ಯಾರೂ ಬಾಯಿ ಬಿಡಬಾರದು. ಮೆಸ್ಸಿನ ಬಾಡಿಗೆ ಚೀಟಿಯನ್ನೂ ಹಾಗೆಯೇ ಮಾಡಿದ್ದೆವು, ಹದಿನೈದು ವರ್ಷ ಒಬ್ಬರೂ ನಮ್ಮನ್ನು ಎಬ್ಬಿಸಲಿಲ್ಲ. ಆದ್ದರಿಂದ ಒಂದು ಶುಕ್ರವಾರ ಬಸ್ಸು ಹತ್ತಿ ಊರಿಗೆ ಹೋಗಿ, ಪಾದಕ್ಕೆ ಮುಟ್ಟಿಸಿ, ಕುಂಕುಮ ಸಹಿತ ರಿಜಿಸ್ಟರ್ ಮಾಡು. ಇಂಗ್ಲಿಷಿನಲ್ಲಿ ಬರೆದದ್ದು, ನೀನು ಓದುವುದೇನೂ ಬೇಡ. ವಕೀಲರ ಗುಮಾಸ್ತನ ಕಣ್ಣು ದಿನವಿಡೀ ಅದನ್ನೇ ಓದಿ ಸೋತಿರುತ್ತದೆ.

ನಿನ್ನ ಅಕ್ಕ
ಗುಣವತಿ


ಮಂಗಳೂರು
20-6-1961

ಮಾತೃಸಮಾನಳಾದ ಅಕ್ಕನಿಗೆ ಸದಾನಂದನ ನಮಸ್ಕಾರ.

ಕಾಗದ ತಲುಪಿತು. ಪಾದಕ್ಕೆ ಮುಟ್ಟಿಸಿಲ್ಲ. ಓದಿದೆ.

ಓದಬೇಡ ಎಂದು ನೀನು ಬರೆಯದೇ ಇದ್ದಿದ್ದರೆ ಬಹುಶಃ ಓದುತ್ತಿರಲಿಲ್ಲ. ಇಪ್ಪತ್ತು ವರ್ಷ ದಸ್ತಾವೇಜು ನೋಡಿದವನಿಗೆ ಆ ಒಂದು ಸಾಲು ಸಾಕು. ಎರಡನೆಯ ಪುಟದಲ್ಲಿ, ಕಾರು ನಡೆಸುವವರು ಯಾರು ಎಂಬ ಪ್ರಶ್ನೆಯ ಎದುರು ಎರಡು ಹೆಸರುಗಳಿವೆ. ಒಂದು ತಿರುಮಲ, ವಯಸ್ಸು ಐವತ್ತೆಂಟು. ಇನ್ನೊಂದು ಕುಮಾರಿ ಬೇಬಿ, ವಯಸ್ಸು ಹದಿನೆಂಟು.

ಅಕ್ಕ, ನಿನ್ನ ಮನೆಗೆ ಮಗಳನ್ನು ಓದಲು ಕಳುಹಿಸಿದ್ದು. ಮದ್ರಾಸಿನ ಲಾರಿಗಳ ಮುಂದೆ ನಿಲ್ಲಿಸಲು ಅಲ್ಲ. ಬೇರೆ ಯಾರು ಮರೆತರೂ ನೀನು ಮರೆಯುವಂತಿಲ್ಲ.

ಈ ತಿಂಗಳೊಳಗೆ ಅವಳನ್ನು ಮಂಗಳೂರು ಮೈಲಿನಲ್ಲಿ ಕಳುಹಿಸು. ಇಲ್ಲಿಯೂ ಕಾಲೇಜು ಇದೆ. ಅವಳು ಬಂದ ಮೇಲೆ ನಿನ್ನ ಕಾಗದ ದೇವಸ್ಥಾನಕ್ಕೂ ಹೋಗುತ್ತದೆ, ನಿನಗೂ ಬರುತ್ತದೆ. ಅಲ್ಲಿಯವರೆಗೆ ನನ್ನ ಪೆಟ್ಟಿಗೆಯಲ್ಲಿರುತ್ತದೆ.

ಸದಾನಂದ


ಕೋಡಂಬಾಕ್ಕಂ
28-6-1961

ಸದಾನಂದಾ,

ಬೈದದ್ದು ಸಾಕಾಯಿತಾ? ಇನ್ನೂ ಇದ್ದರೆ ಬರೆ, ಅಂಚೆಯವನಿಗೆ ಹೇಗೂ ಈ ಕಡೆ ಬರುವುದುಂಟು.

ನಾನು ಹೇಳಲಿಲ್ಲ, ಹೌದು. ಸುಳ್ಳೂ ಹೇಳಲಿಲ್ಲ. ನಡೆದದ್ದು ಹೀಗೆ. ಮಾಘ ಮಾಸದಿಂದಲೇ ತಿರುಮಲನ ಕಣ್ಣಿಗೆ ಪೊರೆ ಬರಲು ಸುರುವಾಗಿತ್ತು. ನನಗೆ ಕಾರು ತೆಗೆಸಿಕೊಟ್ಟು ಒಂದು ತಿಂಗಳಿಗೆ ಬಂದು ನಿಂತು, "ಅಮ್ಮಾ, ಎದುರು ಬರುವ ಬಸ್ಸು ನನಗೆ ಎರಡು ಕಾಣ್ತದೆ, ನಡುವೆ ನುಗ್ಗಿದರೆ ಸರಿಯಾ?" ಅಂದ. ಬೇಬಿ ಅಲ್ಲೇ ಬಟಾಣಿ ಬಿಡಿಸುತ್ತಿದ್ದಳು. ತಲೆ ಎತ್ತದೆ, "ನಾನ್ ಓಟ್ಟುರೇನ್ ಅತ್ತೆ" ಅಂದಳು. ನಾನು ನಡೆಸುತ್ತೇನೆ ಎಂದು ಅರ್ಥ. ಕಾರೋ ಮೆಸ್ಸೋ ಎಂದು ನಾನು ಕೇಳಲಿಲ್ಲ. ಎರಡಕ್ಕೂ ಆಗುವಂಥ ಮುಖ ಮಾಡಿದ್ದಳು.

ಕಲಿಸಿದ್ದು ತಿರುಮಲನೇ. ಬೆಳಗ್ಗೆ ಮಾಧವರಂ ಹಾಲಿನ ಕಾಲೊನಿ ಕಡೆಯ ರಸ್ತೆ ಖಾಲಿ. ಅವನ ಕ್ರಮವೇ ಬೇರೆ. ಕುತ್ತಿಗೆ ತನಕ ನೀರು ತುಂಬಿದ ಹಿತ್ತಾಳೆ ಪಾತ್ರೆ ಹಿಂದಿನ ಹಲಗೆಯ ಮೇಲೆ, ಮುಚ್ಚಳ ಇಲ್ಲ. ನೀರು ಚೆಲ್ಲಿದ ದಿನ ಪಾಠ ಅಲ್ಲಿಗೆ ಮುಗಿಯಿತು, ಮರುದಿನ ಮತ್ತೆ ಮೊದಲಿನಿಂದ. ಸಾರು ಒಯ್ಯುವವರ ಡ್ರೈವಿಂಗ್ ಬೇರೆ, ಸಾಹೇಬರನ್ನು ಒಯ್ಯುವವರದ್ದು ಬೇರೆ ಅಂತಾನೆ. ಹದಿನೇಳು ದಿನ ಹಲಗೆ ಒದ್ದೆಯಾಯಿತು. ಹದಿನೆಂಟನೆಯ ದಿನ ಒಣಗಿತ್ತು. ಸರ್ಕಾರದ ಪರೀಕ್ಷೆ ಅವಳಿಗೆ ಆಮೇಲೆ ಲೆಕ್ಕಕ್ಕೇ ಸಿಗಲಿಲ್ಲ, ಹದಿನೆಂಟು ತುಂಬಿದ ವಾರವೇ ಲೈಸೆನ್ಸ್ ತಂದಳು.

ನಾನು ಮರೆತೆ ಎಂದು ಬರೆದಿದ್ದೀಯಲ್ಲ. ನಿನ್ನ ಭಾವ ತರಕಾರಿ ಬುಟ್ಟಿ ಹೊತ್ತು ರಸ್ತೆ ದಾಟುವಾಗ ಲಾರಿ ಹೊಡೆದು ಹದಿನೇಳು ವರ್ಷ. ಆಗ ವಿಮೆ ಕಡ್ಡಾಯ ಇರಲಿಲ್ಲ. ಲಾರಿ ನನ್ನದು, ಡ್ರೈವರ್ ನನ್ನವನಲ್ಲ ಅಂದ ಆ ಯಜಮಾನ. ಕೋರ್ಟಿನ ಮೆಟ್ಟಿಲ ಮೇಲೆ ನಾನು ಕೂತಿದ್ದೆ, ನೀನು ಇಂಗ್ಲಿಷ್ ಕಾಗದ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಪ್ರತಿ ಸಲವೂ ಕೊನೆಗೆ ಒಂದೇ ಅರ್ಥ: ಏನೂ ಸಿಗುವುದಿಲ್ಲ. ಅದಕ್ಕೇ ಬೇಬಿಗೆ ಲೈಸೆನ್ಸ್ ಬಂದ ಕೂಡಲೇ ಅವಳ ಹೆಸರೂ ಹಾಕಿ ನಾನು ಹೊಸ ವಿಮೆ ಮಾಡಿಸಿದ್ದು. ನನ್ನ ಕಾರಿಗೆ ಯಾರಾದರೂ ಸಿಕ್ಕಿಬಿದ್ದರೆ ಅವರ ಹೆಂಡತಿ ಆ ಮೆಟ್ಟಿಲ ಮೇಲೆ ಕೂರಬಾರದು.

ಬೇಬಿ ಬರುವುದಿಲ್ಲ. ನೀನು ಕಾಗದ ಕಟ್ಟಿಟ್ಟರೆ ಕಾರು ನಿಲ್ಲುತ್ತದೆ ಎಂದುಕೊಂಡಿದ್ದರೆ, ಗಾಡಿಯಲ್ಲಿಡುವ ಸಣ್ಣ ಚೀಟಿ ಬೇರೆ ಇದೆ, ಅದು ನಮ್ಮಲ್ಲೇ ಉಂಟು.

ಜಯಲಕ್ಷ್ಮೀಗೆ ಹೇಳು, ಮಗಳು ಸೀರೆಯನ್ನು ಸೊಂಟಕ್ಕೆ ಗಟ್ಟಿಯಾಗಿ ಸಿಕ್ಕಿಸಿ ಕೂರುತ್ತಾಳೆ, ಸೆರಗು ಹಾರುವುದಿಲ್ಲ.

ಅಕ್ಕ


ಕೋಡಂಬಾಕ್ಕಂ
2-8-1961

(ಕಾರ್ಡು)

ಸದಾನಂದನಿಗೆ. ತಿಂಗಳಾಯಿತು, ನಿನ್ನ ಅಕ್ಷರ ಕಾಣಲಿಲ್ಲ. ಸಿಟ್ಟಿನಲ್ಲಿದ್ದೀಯೆಂದು ನಾನು ಸುದ್ದಿ ಹೇಳದೆ ಇರುವವಳಲ್ಲ. ನಿನ್ನೆ ಮೌಂಟ್ ರೋಡಿನಲ್ಲಿ ಮೆರವಣಿಗೆ, ಬಸ್ಸು ಕಾರು ಎಲ್ಲ ಸಿಕ್ಕಿಕೊಂಡಿದ್ದವು. ಬೇಬಿ ಎಂಬತ್ತು ಜನರ ಊಟ ಹಾಕಿಕೊಂಡು ಸಂದಿಗೊಂದಿ ನುಗ್ಗಿ ಹನ್ನೆರಡೂವರೆಗೆ ಸ್ಟುಡಿಯೋ ಮುಟ್ಟಿಸಿದಳು. ಕನ್ನಡ ಪಿಕ್ಚರಿನವರ ಊಟ ನೋಡಿಕೊಳ್ಳುವ ಕಿಟ್ಟಣ್ಣ, "ಅಮ್ಮ, ನಮ್ಮ ಹೀರೋಗೆ ಕಾರು ಬಿಡ್ಲಿಕ್ಕೆ ಬರುದಿಲ್ಲ, ಈ ಹುಡುಗಿಯನ್ನೇ ಪೇಟ ಕಟ್ಟಿ ಕೂರಿಸುವನಾ?" ಅಂದನಂತೆ. ಆಯುಧಪೂಜೆಗೆ ಮೊದಲು ವಿಮೆ ಕಾಗದ ಬಂದರೆ ಕಾರಿನ ಮುಂದಿಟ್ಟು ಪೂಜೆ ಮಾಡಬಹುದು. ಅಕ್ಕ.


ಮಂಗಳೂರು
5-8-1961

ಅಕ್ಕನಿಗೆ ನಮಸ್ಕಾರ.

ನಿನ್ನ ಕಾರ್ಡು ಓದಿದ ಕೂಡಲೇ ತಂತಿ ಕೊಟ್ಟಿದ್ದೇನೆ. ಈ ಕಾಗದಕ್ಕಿಂತ ಮೊದಲು ಅದು ಸಿಕ್ಕಿರುತ್ತದೆ: ಬೇಬಿ ಕಾರು ಮುಟ್ಟಬಾರದು. ಅದನ್ನು ಓದಿ ನೀನು, ಸದಾನಂದನ ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಳ್ಳುತ್ತೀಯೆಂದು ಗೊತ್ತು. ಸಿಟ್ಟಿನ ಮಾತಲ್ಲ ಅದು.

ವಿಮೆ ಕಾಗದದ ಕೊನೆಯ ಪುಟದಲ್ಲಿ, ಮೊಹರಿನ ಕೆಳಗೆ, ಟೈಪು ಮಾಡಿದ ಒಂದು ತುಂಡು ಅಂಟಿಸಿದ್ದಾರೆ. ಅದರ ಅರ್ಥ ಹೀಗೆ. ಎರಡನೆಯ ಚಾಲಕಿಗೆ ಇಪ್ಪತ್ತೊಂದು ತುಂಬದ ಕಾರಣ, ಅವಳು ನಡೆಸುವಾಗ ಏನಾದರೂ ಆದರೆ ಕಂಪೆನಿಗೆ ಸಂಬಂಧವಿಲ್ಲ. ಅಂದರೆ ಅಕ್ಕ, ನೀನು ಮಾಡಿಸಿದ ವಿಮೆ ಕಣ್ಣು ಕಾಣದ ತಿರುಮಲನಿಗೆ ಇದೆ. ಕಣ್ಣಿರುವ ಬೇಬಿಗೆ ಇಲ್ಲ. ನಿನ್ನ ಏಜೆಂಟ್ ಇದನ್ನು ಹೇಳಿರಲಿಕ್ಕಿಲ್ಲ.

ಇನ್ನು ನನ್ನ ತಪ್ಪು. ಜೂನ್ ತಿಂಗಳಲ್ಲೇ ನಾನು ಇದನ್ನು ಓದಿದ್ದೆ. ಬರೆಯಲಿಲ್ಲ. ಬರೆದರೆ ನೀನು ಅದನ್ನು ಸರಿಪಡಿಸಿಕೊಳ್ಳುತ್ತೀ, ಸರಿಪಡಿಸಿದರೆ ಬೇಬಿ ಕಾರು ಬಿಡುತ್ತಲೇ ಇರುತ್ತಾಳೆ ಎಂದು ಸುಮ್ಮನಿದ್ದೆ. ಹೇಗೂ ಅವಳು ಊರಿಗೆ ಬರುತ್ತಾಳೆ ಎಂದುಕೊಂಡಿದ್ದೆ. ಆರು ವಾರ ಅವಳು ಆ ಜನಸಂದಣಿಯಲ್ಲಿ ವಿಮೆಯಿಲ್ಲದೆ ಓಡಾಡಿದ್ದಾಳೆ, ನನ್ನ ಪೆಟ್ಟಿಗೆಯಲ್ಲಿ ಬೀಗ ಹಾಕಿ ನಾನು ಆ ಕಾಗದವನ್ನು ಇಟ್ಟುಕೊಂಡಿದ್ದೆ. ಯಾರಿಗಾದರೂ ಪೆಟ್ಟಾಗಿದ್ದರೆ, ಮೆಟ್ಟಿಲ ಮೇಲೆ ಕೂರುವ ಆ ಹೆಂಗಸಿಗೆ ಏನೂ ಸಿಗುವುದಿಲ್ಲ ಎಂದು ಹೇಳುವವನು ಮತ್ತೆ ನಾನೇ ಆಗುತ್ತಿದ್ದೆ.

ಕಾರು ನಿಲ್ಲಿಸು. ಕಂಪೆನಿಯ ಆಫೀಸಿಗೇ ಹೋಗು. ಅವಳ ಹೆಸರು ಸೇರಿಸಬೇಕಾದರೆ ಏನು ಬೇಕೆಂದು ಕೇಳು.

ಆದರೆ ತಂದೆಯಾಗಿ ನನ್ನ ಒಪ್ಪಿಗೆ ಕೇಳಬೇಡ. ಅದು ನನ್ನಿಂದಾಗದು.

ಸದಾನಂದ


ಕೋಡಂಬಾಕ್ಕಂ
24-8-1961

ಪ್ರೀತಿಯ ಸದಾನಂದಾ,

ತಂತಿ ಬಂದ ಗಳಿಗೆಯಲ್ಲೇ ಕಾರು ನಿಂತಿತು. ಬೇಬಿ ಬ್ರೇಕಿನ ಮೇಲೆ ಕಾಲಿಟ್ಟ ಹಾಗೆ ನಿಂತಿತು. ನನಗೆ ಅರ್ಥವಾಗಿರಲಿಲ್ಲ, ಸಿಟ್ಟೆಂದೇ ತಿಳಿದೆ, ಆದರೂ ನಿಲ್ಲಿಸಿದೆ. ತಂತಿಯಲ್ಲಿ ಬಂದ ಮಾತನ್ನು ಮೀರುವ ಧೈರ್ಯ ನನಗಿಲ್ಲ. ಮೂರನೆಯ ದಿನ ಕಾಗದ ಬಂತು. ಓದಿ ಮುಗಿಸುವಾಗ ಒಲೆಯ ಮೇಲಿನ ಅನ್ನ ತಳ ಹಿಡಿದಿತ್ತು. ನಿನ್ನ ತಪ್ಪೆಂದು ಬರೆದಿದ್ದೀಯಲ್ಲ, ದಿನಸಿ ಕಟ್ಟಿ ಬಂದ ಪೇಪರು ಬಿಡಿಸಿ ಓದಿ ಕನ್ನಡ ಕಲಿತವಳು ನಾನು. ಇಂಗ್ಲಿಷನ್ನೂ ಕಲಿಯುತ್ತೇನೆಂದು ಹತ್ತು ವರ್ಷದಿಂದ ಹೇಳುತ್ತಾ ಬಂದೆ, ಕಲಿಯಲಿಲ್ಲ. ನಿನ್ನದು ಅರ್ಧ, ನನ್ನದು ಅರ್ಧ. ಹಂಚಿಕೊಂಡಾಯಿತು.

ಈಗ ಊಟ ಮತ್ತೆ ಜಟಕಾದಲ್ಲಿ. ತಣ್ಣಗಾಗಿ ಹೋಗುತ್ತದೆ. ಒಂದು ಸ್ಟುಡಿಯೋದವರು ಬೇರೆ ಹೋಟೆಲಿಗೆ ಹೇಳಿಬಿಟ್ಟರು. ಕಿಟ್ಟಣ್ಣ ಮಾತ್ರ, "ದಸರಾ ತನಕ ತಣ್ಣಗಿನ ಸಾರೇ ಕುಡಿತೇವೆ, ಆಮೇಲೆ ನೋಡುವ" ಅಂದಿದ್ದಾನೆ.

ವಿಷ್ಣುಮೂರ್ತಿಯನ್ನು ಕರೆಸಿ ಕೇಳಿದೆ. "ಅಮ್ಮಾ, ಹೇಳಿದರೆ ನೀವು ಬೇಡ ಅನ್ನುತ್ತೀರೆಂದು..." ಎಂದು ನೆಲ ನೋಡಿದ. ಅವನಿಗೆ ಕಾಫಿ ಕೊಡಲಿಲ್ಲ. ಅಷ್ಟೇ ಶಿಕ್ಷೆ.

ಬೀಚ್ ರಸ್ತೆಯ ಕಂಪೆನಿ ಆಫೀಸಿಗೆ ಬೇಬಿಯನ್ನು ಕರೆದುಕೊಂಡು ನಾನೇ ಹೋದೆ. ಮ್ಯಾನೇಜರ್ ಕಾಗದ ನೋಡಿದ, ಇವಳನ್ನು ನೋಡಿದ. "ಪೇರೇ ಬೇಬಿಯಾ! ಮಗುವಿನ ಕೈಗೆ ಕಾರು ಕೊಡ್ತೀರಾಮ್ಮಾ?" ಅಂತ ನಕ್ಕ. ಇವಳು ಲೈಸೆನ್ಸ್ ಮೇಜಿನ ಮೇಲಿಟ್ಟು, "ಹೆಸರು ಅಪ್ಪ ಇಟ್ಟದ್ದು ಸಾರ್, ಇದು ನಾನು ತೆಗೆದುಕೊಂಡದ್ದು" ಅಂದಳು. ಕನ್ನಡದಲ್ಲಿ! ಆ ಕೋಣೆಯ ಮೂಲೆಯಲ್ಲಿ ದಪ್ಪ ಮೀಸೆಯ ಒಬ್ಬರು ಬರೆಯುತ್ತ ಕೂತಿದ್ದರು, ತಲೆ ಎತ್ತಿ, "ಛಲೋ ಹೇಳಿದಿ ನೋಡವಾ" ಅಂದರು. ಅವರು ಧಾರವಾಡ ಕಡೆಯ ಮುರಿಗೆಪ್ಪನವರು, ಕಂಪೆನಿಯ ಇನ್‌ಸ್ಪೆಕ್ಟರು. ಪೆಟ್ಟಾದ ಕಾರು ನೋಡುವುದೇ ಅವರ ಕೆಲಸ.

ಮ್ಯಾನೇಜರ್ ಕೊನೆಗೆ ಎರಡು ಮಾತು ಹೇಳಿದ. ಮುರಿಗೆಪ್ಪನವರು ಕಾರಿನಲ್ಲಿ ಕೂತು ಪರೀಕ್ಷೆ ಮಾಡಬೇಕು. ಮದುವೆಯಾಗದ ಹುಡುಗಿ, ಅಪ್ಪನ ಒಪ್ಪಿಗೆ ಪತ್ರ ಬೇಕು. ಎರಡೂ ಆದರೆ ಹೆಸರು ಸೇರುತ್ತದೆ.

ಕೇಳಬೇಡ ಎಂದು ಬರೆದಿದ್ದೀ. ಕೇಳುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ. ದಸರೆ ರಜೆಗೆ ಬಾ. ಪರೀಕ್ಷೆಯ ದಿನ ಹಿಂದಿನ ಹಲಗೆಯ ಮೇಲೆ ನೀನೇ ಕೂತುಕೋ, ಮಡಿಲಲ್ಲಿ ಸಾರಿನ ಪಾತ್ರೆ ಹಿಡಿದುಕೋ, ಮುಚ್ಚಳ ಬೇಡ. ಒಂದು ತೊಟ್ಟು ಚೆಲ್ಲಿದರೆ ನೀನು ಬಾಯಿ ತೆರೆಯುವುದೇ ಬೇಡ. ಕಾರಿನ ಕೀಲಿಯನ್ನು ನಾನೇ ನಿನಗೆ ಕಳುಹಿಸುತ್ತೇನೆ, ಮತ್ತೆ ಆ ಮಾತು ಎತ್ತುವುದಿಲ್ಲ. ಇದು ನಿನ್ನ ಭಾವನ ಮೇಲೆ ಆಣೆ.

ಅಕ್ಕ


ಮಂಗಳೂರು
5-9-1961

ಅಕ್ಕನಿಗೆ ನಮಸ್ಕಾರ.

ಕೋರ್ಟಿನ ರಜೆ ಅಕ್ಟೋಬರ್ ಹದಿನಾಲ್ಕರಿಂದ. ಬರುತ್ತೇನೆ. ವಿಮೆ ಕಾಗದವನ್ನೂ ತರುತ್ತೇನೆ, ಆದರೆ ನಿನ್ನ ಕೈಗೆ ಕೊಡುವುದಕ್ಕಲ್ಲ.

ನಾನು ಒಪ್ಪಿದೆನೆಂದು ತಿಳಿಯಬೇಡ. ಜಯಲಕ್ಷ್ಮೀ ಹೇಳಿದ ಒಂದು ಮಾತಿಗೆ ಬರುತ್ತಿದ್ದೇನೆ. "ನೋಡದೆ ಬೇಡ ಅಂದದ್ದಾಯ್ತು, ನೋಡಿ ಬೇಡ ಅನ್ಲಿಕ್ಕೆ ಎಂತ ಕಷ್ಟ ನಿಮ್ಗೆ?"

ಸದಾನಂದ


ಕೋಡಂಬಾಕ್ಕಂ
25-10-1961

ಚಿ. ಸದಾನಂದನಿಗೆ,

ನೀನು ಸುಖವಾಗಿ ಊರು ಸೇರಿದೆ ಎಂದು ತಿಳಿದೆ. ನಾನು ಹೆಚ್ಚು ಬರೆಯುವುದಿಲ್ಲ.

ಶನಿವಾರ ಬೆಳಗ್ಗೆ ನೀವು ಮೂವರೂ ಹೊರಟಾಗ ಎಂಬತ್ತು ಎಲೆಯ ಅಡುಗೆ ಒಲೆಯ ಮೇಲಿತ್ತು, ನನಗೆ ಬರಲಾಗಲಿಲ್ಲ. ನೀನು ಮರಳಿ ಬಂದೆ. ಮುಖ ತೊಳೆದೆ. ಕಾಫಿ ಕುಡಿದೆ. "ಆಯಿತು" ಅಂದೆ. ಎಂತ ಆಯಿತೆಂದು ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ಬೇಬಿಯನ್ನು ಕೇಳಿದರೆ "ಅಪ್ಪನನ್ನೇ ಕೇಳಿ" ಎಂದು ಬಚ್ಚಲಿಗೆ ಹೋದಳು. ಸಂಜೆ ನೀನು ರೈಲು ಹತ್ತಿದೆ.

ನಾನು ಕೇಳಲಿಲ್ಲ ಯಾಕೆಂದರೆ ನನಗೆ ಗೊತ್ತಾಗಿತ್ತು. ನೀನು ಬಿಚ್ಚಿಟ್ಟ ಪಂಚೆಯನ್ನು ಒಗೆಯಲು ತೆಗೆದುಕೊಂಡವಳು ನಾನೇ. ಮಡಿಲಿನ ಹತ್ತಿರ ಎಂಟಾಣೆಯಷ್ಟಗಲ ಕಲೆ ಇತ್ತು. ಮೂಸಿ ನೋಡಿದೆ. ನಾನೇ ಮಾಡಿದ ಸಾರು ನನಗೆ ಗೊತ್ತಾಗದೇ? ಸೀಗೆಪುಡಿ ಹಾಕಿ ಉಜ್ಜಿದೆ, ಹೋಗಲಿಲ್ಲ.

ಪಾಪ, ನೀನು ನನ್ನ ಮುಖ ನೋಡಿ ಹೇಳಲಾರದೆ ಹೋದೆ. ಪರವಾಗಿಲ್ಲ. ಕೊಟ್ಟ ಮಾತು ಕೊಟ್ಟದ್ದೇ. ಈ ಲಕೋಟೆಯಲ್ಲಿ ಕಾರಿನ ಕೀಲಿ ಉಂಟು, ದಾರದಲ್ಲಿ ಕಟ್ಟಿದ್ದೇನೆ. ಬೇಬಿ ಕಾಲೇಜಿಗೆ ಹೋದಾಗ ಕಟ್ಟಿದೆ, ಅವಳು ನೋಡಬಾರದೆಂದು.

ಅವಳ ಮೇಲೆ ಸಿಟ್ಟು ಮಾಡಬೇಡ. ಒಂದು ತೊಟ್ಟು ಎಲ್ಲರ ಕೈಯಿಂದಲೂ ಚೆಲ್ಲುತ್ತದೆ.

ಅಕ್ಕ


ಮಂಗಳೂರು
27-10-1961, ಶುಕ್ರವಾರ

ಅಕ್ಕನಿಗೆ ಸದಾನಂದನ ಸಾಷ್ಟಾಂಗ ನಮಸ್ಕಾರ.

ಈಗಷ್ಟೇ ಊರಿನ ಬಸ್ಸು ಇಳಿದು ಬಂದೆ. ಕಾಲು ತೊಳೆದು ನೇರ ಬರೆಯಲು ಕೂತಿದ್ದೇನೆ. ಇದರ ಜೊತೆ ನಿನ್ನ ವಿಮೆ ಕಾಗದ ಇದೆ. ಮೂಲೆಯಲ್ಲಿ ಕುಂಕುಮ ನೋಡು. ದೇವಿಯ ಪಾದಕ್ಕೆ ಮುಟ್ಟಿತು. ಇನ್ನು ನಾನು ಬಾಯಿ ಬಿಡಬಹುದು. ಅಪ್ಪನ ಕ್ರಮವನ್ನು ನೀನೇ ನೆನಪಿಸಿದ್ದೆಯಲ್ಲ, ಅದಕ್ಕೇ ಅಲ್ಲಿ ತುಟಿ ಬಿಚ್ಚದೆ ಬಂದೆ. ಬೇಬಿಗೂ ಆಣೆ ಹಾಕಿದ್ದೆ. ಅವಳು ಉಸಿರು ಕಟ್ಟಿ ಹಿಡಿದಿದ್ದಾಳೆ, ಈ ಕಾಗದ ಓದಿದ ಕೂಡಲೇ ಅವಳನ್ನು ಕೂಗಿ ಬಿಡುಗಡೆ ಮಾಡು.

ನೀನು ನೋಡದ್ದನ್ನು ಹೇಳುತ್ತೇನೆ.

ಮುರಿಗೆಪ್ಪನವರು ಮುಂದೆ ಕೂತರು, ನಾನು ಹಿಂದೆ, ಹಲಗೆಯ ಮೇಲೆ, ನಿನ್ನ ಸಾರಿನ ಪಾತ್ರೆ ಮಡಿಲಲ್ಲಿ. ಆ ಬೆಳಗಿನ ಮಟ್ಟಿಗೆ ಕಂಪೆನಿಯೇ ಹೊಣೆ ಎಂದು ಅವರು ಚೀಟಿ ತೋರಿಸಿದ ಮೇಲೇ ನಾನು ಹತ್ತಿದ್ದು. ಬೀಚ್ ರಸ್ತೆಯಲ್ಲಿ ನಾಲ್ಕು ಸುತ್ತು ಹಾಕಿಸುತ್ತಾರೆ ಎಂದುಕೊಂಡಿದ್ದೆ. ಅವರು "ಎಡಕ್ಕ ಹೊಳ್ಳಿಸು ತಂಗಿ, ಕಾಸಿಮೇಡಿಗೆ" ಅಂದರು. ಅಕ್ಕ, ಮೀನು ಹರಾಜಿನ ಹೊತ್ತು ಅದು. ರಸ್ತೆಯೆಲ್ಲ ನೀರು, ಬುಟ್ಟಿ, ಕೈಗಾಡಿ, ಮೀನಿನ ಲಾರಿ. ಆ ವಾಸನೆಗೆ ನಾನು ಶಲ್ಯ ಮೂಗಿಗೆ ಹಿಡಿಯಬೇಕು, ಕೈಯಲ್ಲಿ ಪಾತ್ರೆ. ಹೆಂಗಸರು ಹರಾಜು ನಿಲ್ಲಿಸಿ, "ಏ, ಪೊಣ್ಣು ಕಾರ್ ಓಟ್ಟುದು ಪಾರು!", ಹುಡುಗಿ ಕಾರು ಬಿಡುತ್ತಾಳೆ ನೋಡು ಎಂದು, ಒಬ್ಬರನ್ನೊಬ್ಬರು ತಿವಿದು ತೋರಿಸುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡೆ.

ಮುರಿಗೆಪ್ಪನವರು ಕನ್ನಡಿಯಲ್ಲಿ ನೋಡಿದರು. "ಯಾಕ್ರೀ ಯಜಮಾನ್ರ, ಕಣ್ಣ ಮುಚ್ಚೀರಿ?"

"ನೋಡಲಿಕ್ಕೆ ಆಗುವುದಿಲ್ಲ."

"ನಿಮ್ಮ ಮಗಳು ಕಣ್ಣ ತೆರದಾಳಲ್ಲ, ಸಾಕ್ ಬಿಡ್ರಿ."

ಆಗಲೇ ಸದ್ದಾಯಿತು. ಮುಂದೆ ಹೋಗುತ್ತಿದ್ದ ಮಂಜುಗಡ್ಡೆಯ ಗಾಡಿಯ ಹಗ್ಗ ಹರಿಯಿತು. ಕಣ್ಣು ಬಿಟ್ಟೆ. ಕಲ್ಲಿನಂಥ ಮಂಜುಗಡ್ಡೆಗಳು ನಮ್ಮ ಕಡೆಗೆ ಜಾರಿ ಬರುತ್ತಿದ್ದವು, ಅವುಗಳ ಹಿಂದೆ ಅವನ್ನು ಹಿಡಿಯಲು ಗಾಡಿಯವನು ಓಡಿ ಬರುತ್ತಿದ್ದ, ನಮ್ಮ ಬೆನ್ನಿಗೆ ಒಂದು ಲಾರಿ ಹಾರ್ನ್ ಒತ್ತಿ ಹಿಡಿದಿತ್ತು. ನಿನಗೆ ಇಂದಿನವರೆಗೆ ಹೇಳದ ಒಂದು ಮಾತು ಅಕ್ಕ. ಅಂದು ಭಾವನನ್ನು ಗುರುತು ಹಿಡಿದದ್ದು ನಾನು. ಚಪ್ಪಲಿಯಿಂದ ಗುರುತು ಹಿಡಿದೆ. ಆ ಗಾಡಿಯವನ ಕಾಲಿನಲ್ಲಿ ಅಂಥದೇ ಚಪ್ಪಲಿ ಇತ್ತು.

ಬೇಬಿ ಕಿರುಚಲಿಲ್ಲ. ಬ್ರೇಕನ್ನು ತುಳಿಯಲಿಲ್ಲ, ಒತ್ತಿದಳು. ನೀನು ಕುದಿಯುವ ಹಾಲಿನ ಕೆಳಗಿಂದ ಕೆಂಡ ಎಳೆಯುತ್ತೀಯಲ್ಲ, ಹಾಗೆ. ಕಾರು ಅವನ ಮೊಣಕಾಲಿಗೆ ಒಂದು ಮೊಳ ದೂರದಲ್ಲಿ ನಿಂತಿತು. ಕೈ ಹೊರಗೆ ಚಾಚಿ ಹಿಂದಿನ ಲಾರಿಯನ್ನು ನಿಲ್ಲಿಸಿ, ಬದಿಗೆ ಸರಿಸಿದಳು. ಆಮೇಲೆ ಮೀನಿನ ಬುಟ್ಟಿಗಳ ಎರಡು ಸಾಲಿನ ನಡುವೆ ಹಿಮ್ಮುಖವಾಗಿ ಮೂವತ್ತು ಗಜ ಹೋಗಿ, ಗಾಡಿಯವನಿಗೆ ದಾರಿ ಬಿಟ್ಟು, ಎಂಜಿನ್ ಆರಿಸಿದಳು. ಸಾರು ಪಾತ್ರೆಯ ಅಂಚಿನ ತನಕ ಬಂದು ಇಣುಕಿ ಒಳಗೆ ಹೋಯಿತು. ಒಂದು ತೊಟ್ಟು ಚೆಲ್ಲಲಿಲ್ಲ.

ಎಲ್ಲ ನಿಂತ ಮೇಲೆ ನನ್ನ ಕೈ ನಡುಗಲು ಸುರುವಾಯಿತು. ನಿಂತ ಕಾರಿನಲ್ಲಿ, ಅಕ್ಕ! ಪಂಚೆಯ ಮೇಲೆ ಚೆಲ್ಲಿತು. ಮುರಿಗೆಪ್ಪನವರು ಪುಸ್ತಕ ತೆಗೆದು ಬರೆಯುತ್ತ ಕೇಳಿದರು, "ಸಾರು ಹ್ಯಾಂಗದ್ರೀ?" ನಾನು ಶಲ್ಯವನ್ನು ಮಡಿಲ ಮೇಲೆ ಎಳೆದುಕೊಂಡು, "ಹಾಗೆಯೇ ಇದೆ" ಅಂದೆ. ಅದು ಸುಳ್ಳು ಸಾಕ್ಷಿಯೋ ನಿಜ ಸಾಕ್ಷಿಯೋ ನಮ್ಮ ವಕೀಲರಿಗೂ ಹೇಳಲಾಗದು.

ಒಪ್ಪಿಗೆ ಪತ್ರವನ್ನು ಊರಲ್ಲೇ ಬರೆದುಕೊಂಡು ಬಂದಿದ್ದೆ, ಸಹಿ ಮಾತ್ರ ಹಾಕಿರಲಿಲ್ಲ. ಕಾಸಿಮೇಡಿನ ನಡುರಸ್ತೆಯಲ್ಲಿ, ನಿನ್ನ ಪಾತ್ರೆಯನ್ನು ಮಗಳ ಕೈಗೆ ಕೊಟ್ಟು, ಮುರಿಗೆಪ್ಪನವರ ಬೆನ್ನ ಮೇಲೆ ಕಾಗದವಿಟ್ಟು ಸಹಿ ಹಾಕಿದೆ. "ಈಗ ಕೈ ನಡಗಂಗಿಲ್ಲಲ್ರೀ" ಅಂದರು ಅವರು. ಅವರಿಗೆ ಎಲ್ಲ ಗೊತ್ತಾಗಿತ್ತು ಅನಿಸುತ್ತದೆ.

ಇನ್ನೆಂಟು ದಿನದೊಳಗೆ ಕಂಪೆನಿಯಿಂದ ಅವಳ ಹೆಸರಿನ ಚೀಟಿ ಬರುತ್ತದೆ. ಬಂದದ್ದನ್ನು ಈ ಕಾಗದಕ್ಕೆ ಅಂಟಿಸು. ಅಂಟಿಸುವ ಮೊದಲು ಬೇಬಿಯಿಂದ ಪ್ರತಿ ಸಾಲೂ ಓದಿಸಿ ಕೇಳು.

ನಿನ್ನ ತಮ್ಮ
ಸದಾನಂದ


ಕೋಡಂಬಾಕ್ಕಂ
4-11-1961

ನನ್ನ ಬಂಗಾರದ ತಮ್ಮ ಸದಾನಂದನಿಗೆ,

ನಿನ್ನ ಕಾಗದ, ನನ್ನ ಕೀಲಿ, ಎರಡೂ ದಾರಿಯಲ್ಲಿ ಎಲ್ಲೋ ಒಂದನ್ನೊಂದು ನೋಡಿ ನಕ್ಕಿರಬೇಕು. ಎರಡು ದಿನ ಬಿಟ್ಟು ಆ ಕೀಲಿಯೇ ಕುಂಕುಮ ಹಚ್ಚಿಕೊಂಡು ಹಿಂದೆ ಬಂತು. ಅದನ್ನೂ ಪಾದಕ್ಕೆ ಮುಟ್ಟಿಸಲು ಇನ್ನೊಮ್ಮೆ ಬಸ್ಸು ಹತ್ತಿದೆಯಾ ಮಾರಾಯ? ಅದರ ಜೊತೆ ನೀನು ಒಂದೇ ಸಾಲು ಬರೆದಿದ್ದೆ: "ಇನ್ನು ಮುಂದೆ ನನ್ನ ಪಂಚೆ ಮೂಸಬೇಡ." ಓದಿ ನಕ್ಕು ನಕ್ಕು ಮಂಡಿನೋವು ಮರೆತೇ ಹೋಯಿತು.

ಬೇಬಿಯನ್ನು ಕೂಗಿ ಬಿಡುಗಡೆ ಮಾಡಿದೆ. ಒಂದು ಗಂಟೆ ಹೊತ್ತು ಬಾಯಿ ಮುಚ್ಚಲಿಲ್ಲ. ಮಂಜುಗಡ್ಡೆ ಪಾತ್ರೆಯಷ್ಟಿದ್ದದ್ದು ಅವಳ ಬಾಯಲ್ಲಿ ಈಗ ಒರಳಷ್ಟಾಗಿದೆ. ದೀಪಾವಳಿಗೆ ರೋಡ್‌ರೋಲರಿನಷ್ಟಾಗುತ್ತದೆ.

ಚೀಟಿ ಗುರುವಾರ ಬಂತು. ಮುರಿಗೆಪ್ಪನವರೇ ತಂದರು. ಊಟ ಮಾಡಿಸಿದೆ. ಮೂರು ಸಲ ಸಾರು ಹಾಕಿಸಿಕೊಂಡು, "ಈ ಸಾರಿನ್ನ ಯಾರರ ಚೆಲ್ಲತಾರೇನ್ರೀ ಅಮ್ಮಾರ?" ಅಂದರು. ವಿಷ್ಣುಮೂರ್ತಿಯೂ ಬಾಗಿಲ ಹತ್ತಿರ ಬಂದು ನಿಂತಿದ್ದ. ಅವನಿಗೂ ಕಾಫಿ ಕೊಟ್ಟೆ, ಆದರೆ ಸಕ್ಕರೆ ಕಡಿಮೆ.

ಬೇಬಿ ಪ್ರತಿ ಸಾಲೂ ಓದಿದಳು, ನಾನು ಪ್ರತಿ ಸಾಲಿಗೂ ಅರ್ಥ ಕೇಳಿದೆ. ಅವಳ ಹೆಸರಿರುವ ಸಾಲನ್ನು ಬೆರಳಿಟ್ಟು ನಾನೇ ಓದಿದೆ. ನಾಲ್ಕೇ ಅಕ್ಷರ. ಐವತ್ತಮೂರನೆಯ ವಯಸ್ಸಿಗೆ ನಾನು ಇಂಗ್ಲಿಷಿನಲ್ಲಿ ಓದಿದ ಮೊದಲನೆಯ ಶಬ್ದ ನಿನ್ನ ಮಗಳ ಹೆಸರು. ಉಳಿದದ್ದನ್ನು ದಿನಕ್ಕೆ ಒಂದು ಸಾಲಿನಂತೆ ಕಲಿಸು ಎಂದಿದ್ದೇನೆ. ಮುಂದಿನ ಸಲ ಓದಬೇಡ ಎಂದು ಯಾರಿಗೂ ಬರೆಯುವ ಪ್ರಸಂಗ ಬರಬಾರದು.

ನಿನ್ನೆ ಕಾರು ಹೊರಟಿತು. ಕಿಟ್ಟಣ್ಣ ಸ್ಟುಡಿಯೋದ ಗೇಟಿನಲ್ಲೇ ಎಲೆ ಹಿಡಿದು ನಿಂತಿದ್ದನಂತೆ. ಆವಿಯಾಡುವ ಸಾರು ಕಂಡು ಪಿಕ್ಚರಿನವರೆಲ್ಲ ಚಪ್ಪಾಳೆ ತಟ್ಟಿದರಂತೆ. ಬಿಟ್ಟುಹೋಗಿದ್ದ ಸ್ಟುಡಿಯೋದವರು ಅದೇ ಮಧ್ಯಾಹ್ನ ಹೇಳಿಕಳುಹಿಸಿದರು, ಸೋಮವಾರದಿಂದ ನಮ್ಮ ಊಟವೇ ಬೇಕಂತೆ. ತಿರುಮಲನ ಕಣ್ಣಿನ ಆಪರೇಷನ್ ಆಯಿತು. ಹಸಿರು ಪಟ್ಟಿ ಕಟ್ಟಿಕೊಂಡು ಜಗಲಿಯಲ್ಲಿ ಕೂತು, ಕಾರು ತಿರುಗುವ ಸದ್ದಿನಲ್ಲೇ ಪಾತ್ರೆ ಅಲುಗಿತೋ ಇಲ್ಲವೋ ಹೇಳುತ್ತಾನೆ.

ಚಪ್ಪಲಿಯ ಮಾತು ಓದಿದೆ. ಹದಿನೇಳು ವರ್ಷ ನೀನೊಬ್ಬನೇ ಅದನ್ನು ಹೊತ್ತಿದ್ದೆಯಲ್ಲ, ಸದು. ನಿನ್ನ ಭಾವನ ಫೋಟೋದ ಮುಂದೆ ವಿಮೆ ಕಾಗದ ಇಟ್ಟು ಹೇಳಿದೆ: ಇನ್ನು ನಮ್ಮ ಕಾರಿನಿಂದ ಯಾರಿಗಾದರೂ ಏನಾದರೂ ಆದರೆ, ಆ ಮನೆಯ ಹೆಂಗಸು ಬರಿಗೈಯಲ್ಲಿ ಹೋಗುವುದಿಲ್ಲ. ಆಗದಂತೆ ನೋಡಿಕೊಳ್ಳುವವಳ ಹೆಸರು ಮೇಲೆ ಬರೆದಿದೆ.

ದೀಪಾವಳಿಗೆ ಜಯಲಕ್ಷ್ಮೀಯನ್ನೂ ಕರೆದುಕೊಂಡು ಬಾ. ಜಟಕಾ ಹಿಡಿಯಬೇಡ. ಸೆಂಟ್ರಲ್ ಸ್ಟೇಷನ್ನಿನ ಹೊರಗೆ ಕಪ್ಪು ಆಸ್ಟಿನ್ ನಿಂತಿರುತ್ತದೆ, ನಿನ್ನ ಮಗಳು ಒಳಗೆ ಕೂತಿರುತ್ತಾಳೆ. ಜಯಲಕ್ಷ್ಮೀ ಮುಂದೆ ಕೂರಲಿ. ನಿನಗೆ ಹಿಂದಿನ ಹಲಗೆಯ ಮೇಲೆ ಜಾಗ ಇಟ್ಟಿದ್ದೇನೆ, ಪಾತ್ರೆಯೂ ಇರುತ್ತದೆ. ಈ ಸಲ ಅದಕ್ಕೆ ಮುಚ್ಚಳ ಹಾಕಿರುತ್ತೇನೆ. ಬೇಬಿಗಾಗಿ ಅಲ್ಲ, ನಿನ್ನ ಕೈಗಾಗಿ.

ನಿನ್ನ ಅಕ್ಕ
ಗುಣವತಿ